ಪಿಕಪ್ ಕ್ಯಾಂಪರ್: ಏರಿಸೋದು, ಇಳಿಸೋದು ಹತೋಟಿಗೆ ಬಂತು

ಕ್ಯಾಂಪರ್ ಡಬ್ಬ, ಅಂದರೆ ಪ್ರವಾಸದಲ್ಲಿ ಒಳಗೇ ಮಲಗೋಕೆ ಪಿಕಪ್ ಮೇಲೆ ಹೇರುವ ಪುಟ್ಟ ಕೋಣೆ, ಈಗ ಗಾಡಿಯಿಂದ ಇಳಿದು ತುಮಕೂರಿನ ನಮ್ಮ ಮನೆ ಹಿಂದೆ ಕೂತಿದೆ. ವಾರವೆಲ್ಲ ಪಿಕಪ್ ತೆಂಗಿನಕಾಯಿ ಹೊರಬೇಕಲ್ವಾ, ಅದಕ್ಕೇ ಡಬ್ಬವನ್ನು ಗಾಡಿಗೆ ವೆಲ್ಡ್ ಮಾಡಿಸದೆ ಅದರ ನಾಲ್ಕು ಮೂಲೆಗೂ ಸ್ಕ್ರೂ ಜಾಕ್ (ತಿರುಗಿಸಿ ಎತ್ತುವ ಕಾಲು) ಕೂರಿಸಿದ್ದು.

ವೇಬ್ರಿಡ್ಜ್‌ನಲ್ಲಿ ಖಾಲಿ ಗಾಡಿ ಒಮ್ಮೆ, ಡಬ್ಬ ಹೇರಿ ಒಮ್ಮೆ ತೂಗಿಸಿದೆ. ವ್ಯತ್ಯಾಸ 430 ಕೆಜಿ. ತೂಕ ಎಷ್ಟು ಅನ್ನೋದಕ್ಕಿಂತ ಅದು ಎಲ್ಲಿ ಬೀಳುತ್ತೆ ಅನ್ನೋದೇ ಮುಖ್ಯ. ಭಾರದ ಮಧ್ಯ ಹಿಂದಿನ ಆಕ್ಸಲ್‌ಗಿಂತ ಸ್ವಲ್ಪ ಮುಂದಿರಬೇಕು, ಹಿಂದಾದರೆ ಮುಂದಿನ ಚಕ್ರದ ಹಿಡಿತ ತಗ್ಗಿ ಸ್ಟೇರಿಂಗ್ ಹಗುರಾಗುತ್ತೆ, ದೇವರಾಯನದುರ್ಗದ ತಿರುವುಗಳಲ್ಲಿ ಅದು ಅಪಾಯ. ನೀರಿನ ಟ್ಯಾಂಕ್, ಬ್ಯಾಟರಿ ಎರಡನ್ನೂ ಕ್ಯಾಬಿನ್ ಕಡೆಗೇ ಇಟ್ಟಿದ್ದೇನೆ.

ನಮ್ಮದು ಕೆಮ್ಮಣ್ಣಿನ ಅಂಗಳ, ಮಳೆ ಬಿದ್ದರೆ ಜಾಕಿನ ಪಾದ ಹೂತುಕೊಳ್ಳುತ್ತೆ. ಹಾಗಾಗಿ ನಾಲ್ಕು ಕಡೆ ಚಪ್ಪಡಿ ಕಲ್ಲು ಹಾಸಿ, ಮೇಸ್ತ್ರಿಗಳ ಹತ್ತಿರ ಇರುತ್ತಲ್ಲ ನೀರು ತುಂಬಿದ ಲೆವೆಲ್ ಪೈಪ್, ಅದರಲ್ಲಿ ಮಟ್ಟ ಹಿಡಿದೆ.

ಇಳಿಸುವಾಗ ಡಬ್ಬವನ್ನು ಗಾಡಿಗೆ ಬಿಗಿದ ಬೆಲ್ಟ್ ಬಿಚ್ಚಿ, ಲೈಟಿನ ಪ್ಲಗ್ ಕಿತ್ತು, ಆಮೇಲೆ ಜಾಕ್. ಒಂದೊಂದು ಮೂಲೆಗೆ ನಾಲ್ಕೈದು ಸುತ್ತು ಅಷ್ಟೇ, ಹಾಗೇ ಸರದಿ ಮೇಲೆ. ಒಂದೇ ಮೂಲೆ ಎತ್ತಿದರೆ ಫ್ರೇಮ್ ತಿರುಚಿ ಬಾಗಿಲು ಕಚ್ಚಿಕೊಳ್ಳುತ್ತೆ. ಇನ್ನೊಂದು ಗಮನಿಸಿ: ಭಾರ ಇಳಿದಂತೆಲ್ಲ ಗಾಡಿಯ ಕಮಾನು ಪಟ್ಟಿಯ (ಲೀಫ್ ಸ್ಪ್ರಿಂಗ್) ಮೇಲಿನ ಒತ್ತಡ ತಗ್ಗಿ ಗಾಡಿಯೂ ಡಬ್ಬದ ಜೊತೆಗೇ ಮೇಲೇಳುತ್ತೆ. ಇನ್ನೇನು ಬಿಟ್ಟಿತು ಅನ್ನಿಸಿದರೂ ಬಿಟ್ಟಿರಲ್ಲ. ಎರಡು ಇಂಚು ಬೆಳಕು ಕಾಣೋವರೆಗೂ ಎತ್ತಿ, ಆಮೇಲೆ ಗಾಡಿ ಮುಂದಕ್ಕೆ ತೆಗೀರಿ.

ಗಾಡಿ ಹೊರಗೆ ಬಂದ ತಕ್ಷಣ ಡಬ್ಬವನ್ನು ತೆಂಗಿನ ತೊಲೆಗಳ ಮೇಲೆ ಇಳಿಸಲೇಬೇಕು. ಎತ್ತರದಲ್ಲಿ ಜಾಕ್ ಮೇಲೆ ಬಿಟ್ಟರೆ ನಮ್ಮ ಕಡೆಯ ಆಷಾಢದ ಗಾಳಿಗೆ ಅದು ನಿಲ್ಲಲ್ಲ. ಜಾಕ್ ಮೇಲಿರುವಾಗ ಮಕ್ಕಳನ್ನು ಒಳಗೆ ಹತ್ತಿಸೋದಂತೂ ಬೇಡವೇ ಬೇಡ.

ಏರಿಸುವಾಗ ಬಾವಮೈದ ಹಿಂದೆ ನಿಲ್ಲುತ್ತಾನೆ. "ಬರ್ಲಿ ಬಾವ, ಬರ್ಲಿ, ಸ್ವಲ್ಪ ಬಲಕ್ಕೆ... ಸಾಕು ಸಾಕು!" ಡೆಕ್‌ನ (ಗಾಡಿ ಹಿಂದೆ ಸಾಮಾನು ಹೇರುವ ಜಾಗ) ಮಧ್ಯಕ್ಕೂ ಡಬ್ಬದ ತಳದ ಮಧ್ಯಕ್ಕೂ ಬಿಳಿ ಗೆರೆ ಎಳೆದಿದ್ದೇವೆ, ಅವನು ನೋಡೋದು ಅದನ್ನೇ. ಡೆಕ್ ಮೇಲೆ ರಬ್ಬರ್ ಮ್ಯಾಟ್ ಇದ್ದರೆ ಡಬ್ಬ ಜಾರಲ್ಲ.

ಡಬ್ಬ ಇಳಿಸಿ ಇಟ್ಟಿರುವಾಗ ಗ್ಯಾಸ್ ಸಿಲಿಂಡರ್ ಹೊರಗೆ, ಟ್ಯಾಂಕ್ ಖಾಲಿ, ಬ್ಯಾಟರಿ ವೈರ್ ಬಿಚ್ಚಿ. ಮೇಲಿನ ಕಿಂಡಿ ಸ್ವಲ್ಪ ತೆರೆದಿರಲಿ, ಇಲ್ಲದಿದ್ದರೆ ಹಾಸಿಗೆ ಮುಗ್ಗಲು ಹಿಡಿಯುತ್ತೆ. ತೊಲೆಗಳಿಗೆ ಗೆದ್ದಲು ಹತ್ತಿದೆಯಾ ಅಂತ ಆಗಾಗ ನೋಡಿ.

ಮುಂದಿನ ಜಾಕ್‌ಗಳಿಗೂ ಗಾಡಿಗೂ ನಡುವೆ ಈಗ ಮೂರು ಬೆರಳಷ್ಟೇ ಜಾಗ. ಅವನ್ನು ಹೊರಕ್ಕೆ ಸರಿಸೋಕೆ ದಪ್ಪ ಬ್ರಾಕೆಟ್ ಮಾಡಿಸುತ್ತಿದ್ದೇನೆ, ಕೂರಿಸಿದ ಮೇಲೆ ಅಳತೆ ಸಮೇತ ಬರೀತೀನಿ.