ಕೇಳಿದವರು ಬರೆದ ಚೀಟಿ

ಆರೂವರೆ ನಿಮಿಷದ ಒಂದು ಆರ್ಕೆಸ್ಟ್ರಾ ರಚನೆ ಮುಗಿಸಿದ್ದೆ. ಪಿಟೀಲು, ವಿಯೋಲಾ, ಚೆಲ್ಲೊ, ಡಬಲ್ ಬೇಸ್, ಊದಿ ನುಡಿಸುವ ಒಂದು ಓಬೋ, ಒಂದು ಬಸೂನ್, ಎರಡು ಫ್ರೆಂಚ್ ಹಾರ್ನ್, ಜೊತೆಗೆ ಟಿಂಪನಿ. ಇಷ್ಟೂ ವಾದ್ಯ ನನ್ನ ಕಂಪ್ಯೂಟರಿನಲ್ಲೇ ಇದ್ದವು. ಒಬ್ಬ ವಾದಕರನ್ನೂ ಕರೆಸಿರಲಿಲ್ಲ. ಎಲ್ಲವೂ ಸ್ಯಾಂಪಲ್.

ಇದನ್ನು ನಾಲ್ಕು ಜನರನ್ನು ಎದುರಿಗೆ ಕೂರಿಸಿಕೊಂಡು ಕೇಳಿಸಬೇಕು ಅನ್ನೋದು ನನ್ನ ಆಸೆಯಾಗಿತ್ತು. ಫೈಲ್ ಕಳಿಸಿದರೆ ‘ಸೂಪರ್’, ‘ತುಂಬಾ ಚೆನ್ನಾಗಿದೆ’ ಅಂತ ಉತ್ತರ ಬರುತ್ತದೆ. ಪ್ರೀತಿಯಿಂದಲೇ ಬರೆದಿರುತ್ತಾರೆ, ಓದಿದರೆ ಖುಷಿಯೂ ಆಗುತ್ತದೆ. ಆದರೆ ಮತ್ತೆ ಕೆಲಸಕ್ಕೆ ಕೂತಾಗ ಆ ಮಾತು ಯಾವ ಸ್ವರದ ಬಗ್ಗೆ ಅಂತ ಗೊತ್ತಾಗುವುದಿಲ್ಲ. ಕೇಳಿದವರಿಗೆ ಒಟ್ಟಾರೆ ಒಂದು ಅನಿಸಿಕೆ ಇರುತ್ತದೆ. ನನಗೆ ಬೇಕಿದ್ದದ್ದು ಜಾಗ.

ಹಾಗಾಗಿ ಆ ಸಂಜೆ ಎಲ್ಲರ ಕೈಗೂ ಒಂದೊಂದು ಚೀಟಿ, ಪೆನ್ಸಿಲ್ ಕೊಟ್ಟೆ. ಪರದೆಯ ಮೇಲೆ ನಿಮಿಷ, ಸೆಕೆಂಡು ದೊಡ್ಡದಾಗಿ ಕಾಣುವ ಹಾಗೆ ಇಟ್ಟೆ. “ಹೇಗಿದೆ ಅಂತ ಹೇಳಬೇಡಿ. ಎಲ್ಲಿ ಕಿವಿ ನೆಟ್ಟಗಾಯಿತು, ಎಲ್ಲಿ ಮನಸ್ಸು ಆಚೆ ಹೋಯಿತು, ಆ ಸಮಯ ಬರೆಯಿರಿ. ಕಾರಣ ಗೊತ್ತಿದ್ದರೆ ಬರೆಯಿರಿ, ಇಲ್ಲದಿದ್ದರೆ ಬೇಡ” ಅಂದೆ.

ಬಂದಿದ್ದವರು ನಮ್ಮ ಅಕ್ಕ, ರೆಕಾರ್ಡಿಂಗ್ ಕೆಲಸ ಮಾಡುವ ಗೆಳೆಯ, ಕಾಲೇಜು ಓದುವ ಅವನ ಮಗಳು, ಮತ್ತೆ ವರ್ಷಗಟ್ಟಲೆ ಆರ್ಕೆಸ್ಟ್ರಾದಲ್ಲಿ ಓಬೋ ನುಡಿಸಿದ ಹಿರಿಯರೊಬ್ಬರು. ಅವರನ್ನು ನಾವೆಲ್ಲ ಮೇಡಂ ಅಂತಲೇ ಕರೆಯುವುದು.

ಶುರು ಮಾಡುವ ಮೊದಲೇ ಅಕ್ಕ ತಡೆದಳು. “ಸ್ಯಾಂಪಲ್ ಅಂದ್ರೆ ಏನೋ? ಕಂಪ್ಯೂಟರೇ ಶಬ್ದ ಮಾಡುತ್ತಾ?”

ಇಲ್ಲ ಅಂದೆ. ನಿಜವಾದ ವಾದಕರು ಸಭಾಂಗಣವೊಂದರಲ್ಲಿ ಕೂತು ಒಂದೊಂದೇ ಸ್ವರ ನುಡಿಸಿರುತ್ತಾರೆ. ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ. ಉದ್ದಕ್ಕೆ ಎಳೆದು, ಚಿಕ್ಕದಾಗಿ ಕತ್ತರಿಸಿ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿ. ಅದನ್ನೆಲ್ಲ ಬಿಡಿಬಿಡಿಯಾಗಿ ರೆಕಾರ್ಡ್ ಮಾಡಿ ಇಟ್ಟಿರುತ್ತಾರೆ. ನಾನು ಕೀಬೋರ್ಡಿನಲ್ಲಿ ಒಂದು ಮನೆ ಒತ್ತಿದರೆ ಆ ಸ್ವರ ಎದ್ದು ಬರುತ್ತದೆ. ಎಷ್ಟು ಜೋರು ಅನ್ನೋದು ಒಂದು ಅಂಕಿ, ಹೆಚ್ಚೆಂದರೆ 127. ಅದು ವಾದ್ಯ, ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡಿಕೊಳ್ಳಲು 1983ರಲ್ಲಿ ಬಂದ ಮಿಡಿ ಪದ್ಧತಿಯ ಲೆಕ್ಕ, ಇವತ್ತಿಗೂ ನಡೆಯುತ್ತಿದೆ.

“ಹಾಗಾದ್ರೆ ಈಗ ನಾವು ಕೇಳೋದನ್ನ ನುಡಿಸಿದ್ದು ಯಾರು?”

ಈ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಸ್ಯಾಂಪಲ್ ರೆಕಾರ್ಡಿಗೆ ಕೂತಿದ್ದ ಓಬೋ ವಾದಕರು ನನ್ನ ಟ್ಯೂನಿನ ಪ್ರತಿ ಸ್ವರವನ್ನೂ ನುಡಿಸಿದ್ದಾರೆ. ಆದರೆ ಟ್ಯೂನನ್ನು ನುಡಿಸಿಲ್ಲ. ಮುಂದೆ ಯಾವ ಸ್ವರ ಬರುತ್ತದೆ ಅಂತ ಗೊತ್ತಿಲ್ಲದೆಯೇ ಈ ಸ್ವರ ನುಡಿಸಿದ್ದಾರೆ. ನಡುವಿನ ನಂಟು ಕಟ್ಟುವುದು ನನ್ನ ಕೆಲಸ. ಸ್ಯಾಂಪಲ್ ಇಟ್ಟುಕೊಂಡು ಬರೆಯುವವರ ಬಹಳಷ್ಟು ಹೊತ್ತು ಇದಕ್ಕೇ ಹೋಗುತ್ತದೆ. ಸ್ವರ ಬರೆಯುವುದು ಬೇಗ ಆಗುತ್ತದೆ. ಅದು ಏರುವ, ಇಳಿಯುವ, ಮುಂದಿನದಕ್ಕೆ ಜಾಗ ಬಿಡುವ ರೀತಿಯನ್ನು ಗೆರೆ ಗೆರೆಯಾಗಿ ತಿದ್ದುವುದೇ ದೊಡ್ಡ ಕೆಲಸ.

ದೀಪ ಕಡಿಮೆ ಮಾಡಿ ಹಾಕಿದೆ. ಆರೂವರೆ ನಿಮಿಷ ಯಾರೂ ಮಾತಾಡಲಿಲ್ಲ. ನಾನು ಪರದೆ ನೋಡದೆ ಪೆನ್ಸಿಲ್‌ಗಳನ್ನೇ ನೋಡುತ್ತಿದ್ದೆ. ಒಂದು ಕಡೆ ಮೂರು ಪೆನ್ಸಿಲ್ ಒಟ್ಟಿಗೆ ಅಲ್ಲಾಡಿದವು.

ಚೀಟಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಅದೇ ಜಾಗ: 2:40ರ ಸುತ್ತಮುತ್ತ. ಓಬೋ ಒಂಟಿಯಾಗಿ ಒಂದು ಉದ್ದನೆಯ ಸಾಲು ಹೇಳುವ ಕಡೆ. ಅಕ್ಕ ಬರೆದಿದ್ದು: “ಇಲ್ಲಿ ಉಸಿರು ಕಟ್ಟಿತು.” ಗೆಳೆಯ ಬರೆದಿದ್ದು: “ಓಬೋ ಮೆಷಿನ್ ಥರ.” ಮೇಡಂ ಸಮಯ ಮಾತ್ರ ಬರೆದು ಕೆಳಗೆ ಗೆರೆ ಎಳೆದಿದ್ದರು.

ಗೆಳೆಯನಿಗೆ ಕಾರಣ ಸ್ಪಷ್ಟವಿತ್ತು. “ಅಷ್ಟುದ್ದದ ಸಾಲನ್ನ ಯಾರೂ ಒಂದೇ ಉಸಿರಲ್ಲಿ ನುಡಿಸಲ್ಲ ಕಣೋ. ಮಧ್ಯ ಕಟ್ ಮಾಡು.”

ಮೇಡಂ ತಲೆ ಆಡಿಸಿದರು. “ನುಡಿಸ್ತೀವಿ. ಇದಕ್ಕಿಂತ ಉದ್ದಾನೂ ನುಡಿಸ್ತೀವಿ. ತೊಂದರೆ ಉದ್ದದ್ದಲ್ಲ.”

ಆಮೇಲೆ ಅವರು ಹೇಳಿದ್ದು ಆ ಸಂಜೆಯ ಅತಿ ದೊಡ್ಡ ಲಾಭ. ಓಬೋದ ಬಾಯಲ್ಲಿರುವುದು ಜೋಡಿ ರೀಡು, ಅಂದರೆ ಒಟ್ಟಿಗೆ ಕಟ್ಟಿದ ಎರಡು ತೆಳು ಪಟ್ಟಿ. ಅದರ ಸಂದು ತೀರಾ ಕಿರಿದು, ಗಾಳಿ ಹೋಗುವುದು ಬಹಳ ಕಡಿಮೆ. ಹಾಗಾಗಿ ಓಬೋದವರಿಗೆ ಸಾಮಾನ್ಯವಾಗಿ ಉಸಿರು ಖಾಲಿಯಾಗುವುದಿಲ್ಲ, ಉಳಿದುಬಿಡುತ್ತದೆ. ಸಾಲು ಮುಗಿಯುವ ಹೊತ್ತಿಗೆ ಎದೆಯಲ್ಲಿ ಹಳೇ ಗಾಳಿ ತುಂಬಿರುತ್ತದೆ. ಅದನ್ನು ಆಚೆ ಬಿಟ್ಟು ಹೊಸದನ್ನು ಎಳೆದುಕೊಳ್ಳಬೇಕು. ಒಂದಲ್ಲ, ಎರಡು ಕೆಲಸ. “ನಿಮ್ಮ ಉದ್ದನೆಯ ಸಾಲು ಸರಿಯಾಗೇ ಇದೆ. ಅದು ಮುಗಿದ ತಕ್ಷಣ ಮುಂದಿನ ಸಾಲು ಬಂದುಬಿಡುತ್ತೆ ನೋಡಿ, ಅಲ್ಲಿ ನನಗೆ ಎದೆ ಭಾರ ಆಯ್ತು” ಅಂದರು.

ಓಬೋ ಅಂದರೇನು ಅಂತಲೇ ಅಕ್ಕನಿಗೆ ಗೊತ್ತಿಲ್ಲ. ಆದರೂ ಆ ವಾದ್ಯದ ಮೇಲೆ ಜೀವ ಸವೆಸಿದವರಿಗೆ ಆದದ್ದೇ ಅವಳಿಗೂ ಆಗಿತ್ತು! ನನಗೆ ಮೈ ಜುಮ್ಮೆಂದಿತು. ಕೇಳುವವರ ಎದೆಯೂ ವಾದಕರ ಜೊತೆಗೇ ಏರಿ ಇಳಿಯುತ್ತಿರುತ್ತದೆ. ಕಾರಣ ಹೇಳೋದಕ್ಕೆ ತರಬೇತಿ ಬೇಕು, ಅನುಭವಿಸೋದಕ್ಕೆ ಬೇಡ. ಅದಕ್ಕೇ ಕೇಳುಗರು ಹೇಳುವ ಕಾರಣಕ್ಕಿಂತ ಅವರು ತೋರಿಸುವ ಜಾಗವನ್ನು ನಾನು ಹೆಚ್ಚು ನಂಬುತ್ತೇನೆ. ಗೆಳೆಯ ಕಾರಣವನ್ನು ಬೇರೆ ಹೇಳಿದ, ಜಾಗವನ್ನು ಸರಿಯಾಗೇ ತೋರಿಸಿದ್ದ.

ಆ ಹುಡುಗಿ ಮಾತ್ರ 2:40ರಲ್ಲಿ ಏನೂ ಬರೆದಿರಲಿಲ್ಲ. “ಅದು ನಿಲ್ಲದೇ ಹೋಗ್ತಾ ಇದ್ರೆ ಚೆನ್ನಾಗೇ ಇತ್ತಲ್ವಾ ಅಂಕಲ್” ಅಂದಳು. ಗೆಳೆಯ ಅವಳಿಗೆ ಮೆಲೊಟ್ರಾನ್ ಕಥೆ ಹೇಳಿದ. 1963ರಲ್ಲಿ ಬಂದ ವಾದ್ಯ. ಒಂದೊಂದು ಮನೆಯ ಕೆಳಗೂ ಒಂದೊಂದು ಟೇಪಿನ ತುಂಡು, ಅದರ ಮೇಲೆ ರೆಕಾರ್ಡ್ ಆದ ಪಿಟೀಲು, ಕೊಳಲು. ಮನೆ ಒತ್ತಿ ಹಿಡಿದರೆ ಸುಮಾರು ಎಂಟು ಸೆಕೆಂಡಿಗೆ ಟೇಪು ಮುಗಿದು ಸದ್ದು ನಿಂತೇ ಹೋಗುತ್ತಿತ್ತು. ಆಗ ಬಯಸದಿದ್ದರೂ ನಿಲ್ಲಬೇಕಿತ್ತು. ಈಗ ಸದ್ದು ಎಷ್ಟು ಹೊತ್ತು ಬೇಕಾದರೂ ಮುಂದುವರಿಯುತ್ತದೆ, ಉಸಿರಿನ ಜಾಗ ನಾವೇ ಗುರುತಿಸಬೇಕು.

ಇನ್ನೊಂದು ಜಾಗ 4:10. ಎಲ್ಲ ವಾದ್ಯಗಳೂ ಒಟ್ಟಿಗೆ ಏಳುವ ಕಡೆ. ಗೆಳೆಯನ ಚೀಟಿಯಲ್ಲಿ “ಪಿಟೀಲು ಅತಿಯಾಯ್ತು” ಅಂತಿತ್ತು. ಅವನ ಮಗಳ ಚೀಟಿಯಲ್ಲಿ ಅದೇ ಸಮಯದ ಪಕ್ಕ ನಕ್ಷತ್ರ. ಅಪ್ಪ ಮಗಳು ಅಲ್ಲೇ ವಾದಕ್ಕೆ ಇಳಿದರು.

ಗೆಳೆಯನ ಲೆಕ್ಕ ಸರಿ. ಪಿಟೀಲಿನ ಸ್ಯಾಂಪಲ್‌ನಲ್ಲಿ ಹದಿನಾರು ಜನ ಒಟ್ಟಿಗೆ ನುಡಿಸಿದ ಸದ್ದಿದೆ ಅಂದುಕೊಳ್ಳಿ. ಒಂದೇ ಸಲಕ್ಕೆ ಮೂರು ಸ್ವರ ಒತ್ತಿದರೆ ನಲವತ್ತೆಂಟು ಜನ ಕೂತ ಹಾಗಾಗುತ್ತದೆ. ವೇದಿಕೆ ಮೇಲೆ ಆದರೆ ಆ ಹದಿನಾರು ಜನರೇ ಮೂರು ಗುಂಪಾಗಿ ಹಂಚಿಕೊಳ್ಳುತ್ತಾರೆ, ಸದ್ದು ತೆಳುವಾಗುತ್ತದೆ. ಮೆಲ್ಲಗಿನ ಭಾಗಗಳಲ್ಲಿ ನಾನು ಚಿಕ್ಕ ಗುಂಪಿನ ಸ್ಯಾಂಪಲ್ ಬಳಸಿ ಹಾಗೇ ಹಂಚಿದ್ದೇನೆ. 4:10ರಲ್ಲಿ ಬೇಕೆಂದೇ ಹಂಚಲಿಲ್ಲ. ಇಡೀ ರಚನೆ ಅಲ್ಲಿಗೆ ತಲುಪಲು ಕಾಯುತ್ತಿರುತ್ತದೆ. ಅಲ್ಲಿ ಕೋಣೆಗೆ ಹಿಡಿಸದಷ್ಟು ಪಿಟೀಲು ಬೇಕಿತ್ತು, ಇಟ್ಟೆ. ಯಾವ ಸಭಾಂಗಣದಲ್ಲೂ ಹೀಗೆ ಕೇಳಲ್ಲ ಅಂತ ಗೆಳೆಯ ಅಂದ. ಕೇಳಲ್ಲ, ನಿಜ. ಆದರೆ ನಾನು ಮಾಡುತ್ತಿರುವುದು ಸಭಾಂಗಣದ ನಕಲು ಅಲ್ಲ, ಒಂದು ಸಂಗೀತ. ಆ ಜಾಗ ಹಾಗೇ ಉಳಿಯುತ್ತದೆ.

ಯಾರ ಚೀಟಿಯಲ್ಲೂ ಇಲ್ಲದ್ದನ್ನೂ ಹೇಳಬೇಕು. ಚೆಲ್ಲೊಗಳು ಒಂದೇ ಸ್ವರವನ್ನು ಟಕ್ ಟಕ್ ಅಂತ ಮತ್ತೆ ಮತ್ತೆ ನುಡಿಸುವ ಭಾಗ ಒಂದಿದೆ. ಒಂದೇ ರೆಕಾರ್ಡಿಂಗ್ ಮತ್ತೆ ಮತ್ತೆ ಬಂದರೆ ಅದು ಬಂದೂಕಿನ ಸದ್ದಿನ ಹಾಗೆ ಕೇಳುತ್ತದೆ. ಅದಕ್ಕೇ ಸ್ಯಾಂಪಲ್‌ಗಳ ಸಂಗ್ರಹ, ಅಂದರೆ ಲೈಬ್ರರಿ ಮಾಡುವವರು ಅದೇ ಸ್ವರವನ್ನು ಹಲವು ಸಲ ನುಡಿಸಿ ಇಡುತ್ತಾರೆ, ಸರದಿಯಲ್ಲಿ ಒಂದೊಂದು ಬರುತ್ತದೆ. ಅದಕ್ಕೆ ರೌಂಡ್ ರಾಬಿನ್ ಅನ್ನುತ್ತಾರೆ. ಅದರ ಮೇಲೆ ನಾನು ಪ್ರತಿ ಹೊಡೆತದ ಬಲವನ್ನೂ ಕೈಯಲ್ಲೇ ತಿದ್ದಿದ್ದೆ. ಆ ಭಾಗದಲ್ಲಿ ಒಂದು ಪೆನ್ಸಿಲ್ಲೂ ಅಲ್ಲಾಡಲಿಲ್ಲ. ಅಷ್ಟು ದುಡಿದದ್ದು ಯಾರ ಕಿವಿಗೂ ತಾಕದೆ ದಾಟಿಹೋದದ್ದು ನನಗೆ ನೆಮ್ಮದಿ ಕೊಟ್ಟಿತು.

ಒಂದು ಪ್ರಶ್ನೆ ಮಾತ್ರ ಎಲ್ಲರೂ ಬೇರೆ ಬೇರೆ ರೀತಿಯಲ್ಲಿ ಕೇಳಿದರು: ಮೊದಲ ನಿಮಿಷದಲ್ಲಿ ಬರುವ ಆ ವಾದ್ಯ ಯಾವುದು? ಗೆಳೆಯನಿಗೂ ಹೊಳೆಯಲಿಲ್ಲ. ಅದು ಒಂದು ವಾದ್ಯ ಅಲ್ಲ, ಬಸೂನ್ ಮತ್ತು ಚೆಲ್ಲೊ ಒಂದೇ ಸಾಲನ್ನು ಒಟ್ಟಿಗೆ ನುಡಿಸುವುದು. ಎರಡೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಓಡಾಡುತ್ತವೆ. ಬಸೂನ್ ಚೆಲ್ಲೊಗೆ ಒಂದು ಅಂಚು ಕೊಡುತ್ತದೆ, ಚೆಲ್ಲೊ ಬಸೂನ್‌ಗೆ ಮೈ ಕೊಡುತ್ತದೆ. ಹಳೆಯ ಜೋಡಿ ಇದು, ಆರ್ಕೆಸ್ಟ್ರಾಕ್ಕೆ ಬರೆಯುವವರಿಗೆ ಚೆನ್ನಾಗಿ ಗೊತ್ತು. ಆದರೆ ಸ್ಯಾಂಪಲ್‌ಗಳು ಬೇರೆ ಬೇರೆ ಸಭಾಂಗಣದಲ್ಲಿ ರೆಕಾರ್ಡ್ ಆಗಿದ್ದರೆ ಈ ಜೋಡಿ ಸುಲಭಕ್ಕೆ ಬೆರೆಯುವುದಿಲ್ಲ. ಎರಡು ಗೋಡೆಗಳ ಮರುದನಿ ಬೇರೆ ಬೇರೆಯಾಗಿ ಕೇಳುತ್ತದೆ. ಅದಕ್ಕೇ ಎರಡನ್ನೂ ಒಂದೇ ಸಭಾಂಗಣದ ಲೈಬ್ರರಿಯಿಂದ ಆರಿಸಿದ್ದೆ. ಅಕ್ಕ ನೀರು ಕುಡಿಯಲು ಎದ್ದು ಹೋಗುವಾಗ ಆ ಸಾಲನ್ನೇ ಗುನುಗುತ್ತಿದ್ದಳು. ನಾಲ್ಕನೇ ಸ್ವರವನ್ನು ಅವಳು ಬೇರೆ ಹಾಡಿದಳು, ನನ್ನದಕ್ಕಿಂತ ಅರ್ಧ ಸ್ವರ ಕೆಳಗೆ. ಅದನ್ನು ಗುರುತು ಹಾಕಿಕೊಂಡೆ. ಎರಡನೇ ಸಲ ಆ ಸಾಲು ಬಂದಾಗ ಹಾಗೆ ಮಾಡಿ ನೋಡಬೇಕು.

ಹೊರಡುವ ಮುಂಚೆ ಮೇಡಂ ಓಬೋ ಸಾಲಿನ ನೊಟೇಶನ್ ಕೇಳಿದರು. ಪ್ರಿಂಟ್ ಕೊಟ್ಟೆ. ಬಾಯಿ ಬಿಡದೆ ಒಮ್ಮೆ ಬೆರಳಾಡಿಸಿ ನೋಡಿದರು. ಆಮೇಲೆ ಪೆನ್ಸಿಲ್ಲಿನಲ್ಲಿ ಸ್ವರಗಳ ಮೇಲೆ ಎರಡು ಅಲ್ಪವಿರಾಮ ಹಾಕಿದರು. ಅದು ಉಸಿರಿನ ಗುರುತು. ಒಂದು, ಸಾಲಿನ ಕೊನೆಯಲ್ಲಿ. ಇನ್ನೊಂದು ನಾನು ನೆನೆಸದ ಜಾಗದಲ್ಲಿ, ಎಲ್ಲಕ್ಕಿಂತ ಎತ್ತರದ ಸ್ವರಕ್ಕೆ ಸ್ವಲ್ಪ ಮೊದಲು. “ಇಲ್ಲಿ ಗಾಳಿ ಬಿಡಿ, ತಗೋಬೇಡಿ. ಬರೀ ಬಿಡಿ. ಆಗ ಮೇಲಿನ ಸ್ವರ ಹಗುರವಾಗಿ ಬರುತ್ತೆ” ಅಂದರು.

ಹಾಗೇ ಮಾಡಿದೆ. ಎತ್ತರದ ಸ್ವರಕ್ಕೆ ಮೊದಲಿನ ಗುರುತಿನ ಹತ್ತಿರ ಹಿಂದಿನ ಸ್ವರವನ್ನು ಕೂದಲೆಳೆಯಷ್ಟು ಮೊಟಕು ಮಾಡಿ, ಮೇಲಿನ ಸ್ವರವನ್ನು ಮೆಲ್ಲಗಿನ ರೆಕಾರ್ಡಿಂಗಿನಿಂದ ಶುರು ಮಾಡಿಸಿದೆ. ಸಾಲಿನ ಕೊನೆಗೆ ಒಂದಿಷ್ಟು ಖಾಲಿ ಬಿಟ್ಟು, ಆ ಖಾಲಿಯಲ್ಲಿ ವಿಯೋಲಾಗಳನ್ನು ಮಾತ್ರ ಉಳಿಸಿದೆ. ಸ್ಯಾಂಪಲ್ ಅದೇ, ಸ್ವರಗಳೂ ಅವೇ.

ಮುಂದಿನ ವಾರ ಅಕ್ಕನಿಗೆ ಮತ್ತೆ ಕೇಳಿಸಿದೆ. ಈ ಸಲವೂ ಚೀಟಿ ಕೊಟ್ಟಿದ್ದೆ. 2:40 ದಾಟಿತು, ಅವಳು ಏನೂ ಬರೆಯಲಿಲ್ಲ. ಆದರೆ 5:20ರಲ್ಲಿ ಬರೆದಳು: “ಇಲ್ಲಿ ಬೇಗ ಮುಗಿಸಿಬಿಟ್ಟೆ. ಇನ್ನೂ ಬೇಕಿತ್ತು.” ಹಾರ್ನ್‌ಗಳು ಒಮ್ಮೆ ಕರೆದು ಸುಮ್ಮನಾಗುವ ಜಾಗ ಅದು. ಕೇಳಿ ನೋಡಿದರೆ ಅವಳ ಮಾತು ನಿಜ, ಆ ಕರೆಗೆ ಉತ್ತರ ಬಂದೇ ಇಲ್ಲ. ಈಗ ಅಲ್ಲಿಗೆ ಇನ್ನೆಂಟು ಬಾರ್, ಅಂದರೆ ತಾಳದ ಎಂಟು ಸುತ್ತು ಬರೆಯುತ್ತಿದ್ದೇನೆ.