ತೊಟ್ಟಿಲ ಪಕ್ಕದ ಗಂಡಸು

ಗಂಡಸುತನದ ಕಲ್ಪನೆಯನ್ನು ಭಾಷಣಕ್ಕಿಂತ ರಜೆಯ ನಿಯಮ ಬೇಗ ಬದಲಿಸುತ್ತದೆ. ಸ್ವೀಡನ್ 1974ರಲ್ಲೇ ಹೆರಿಗೆ ರಜೆಯನ್ನು ತಂದೆಗೂ ತೆರೆಯಿತು. ಆದರೂ ಎರಡು ದಶಕ ಬಹುಪಾಲು ದಿನ ತಾಯಂದಿರೇ ಬಳಸಿದರು. ತಂದೆ ತನ್ನ ಪಾಲನ್ನು ಹೆಂಡತಿಗೆ ಬರೆದುಕೊಡಬಹುದಿತ್ತು, ಎಡವಿದ್ದು ಅಲ್ಲೇ. 1995ರಲ್ಲಿ ಒಂದು ತಿಂಗಳನ್ನು ತಂದೆಗೆಂದೇ 'ಬಳಸದಿದ್ದರೆ ಹೋಯಿತು' ಎಂದು ಕಟ್ಟಿಟ್ಟರು. 2002ಕ್ಕೆ ಅದು ಎರಡಾಯಿತು, 2016ಕ್ಕೆ ಮೂರು. ಈಗ ಒಟ್ಟು 480 ದಿನಗಳಲ್ಲಿ 90 ದಿನ ತಂದೆಯವೇ. ನಾರ್ವೆಯಂತೂ 1993ರಲ್ಲೇ ನಾಲ್ಕು ವಾರ ಮೀಸಲಿಟ್ಟಿತ್ತು.

ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಚೊಚ್ಚಲ ಬಾಣಂತನ ತವರಿನಲ್ಲಿ. ಅಂಚೆ, ರೈಲ್ವೆಯಂಥ ಕೇಂದ್ರ ಸರ್ಕಾರಿ ನೌಕರನಿಗೆ ಪಿತೃತ್ವ ರಜೆ 15 ದಿನ; ಹೆರಿಗೆಯಾದ ಆರು ತಿಂಗಳೊಳಗೆ ಬಳಸದಿದ್ದರೆ ಕಳೆದುಹೋಗುತ್ತದೆ. ಅದನ್ನು ತೊಟ್ಟಿಲು ಕಾರ್ಯದ ಓಡಾಟಕ್ಕೆ ಖರ್ಚು ಮಾಡಬೇಡಿ. ಅಲ್ಲಿ ಅಳಿಯನಿಗೆ ಉಪಚಾರವೇ ಹೊರತು ಕೆಲಸವಿಲ್ಲ! ಬಾಣಂತಿ ಮರಳಿ ಬರುವ ದಿನಕ್ಕೆ ಉಳಿಸಿಡಿ. ಐದನೇ ತಿಂಗಳಲ್ಲಿ ಬಂದರೂ ಅವಧಿ ಇರುತ್ತದೆ. 6, 10, 14ನೇ ವಾರದ ಲಸಿಕೆಗೆ ಮಾತ್ರ ಬೇರೆ ರಜೆ ಹಾಕಿ, ತಾಯಿ ಕಾರ್ಡ್ ಹಿಡಿದು ನೀವೇ ಹೋಗಿ.

ಬಾಣಂತಿ, ಕೂಸು ಮನೆಗೆ ಬಂದ ಮೇಲೆ ಕೆಲಸವನ್ನು ಪೂರ್ತಿ ವಹಿಸಿಕೊಳ್ಳಿ: ರಾತ್ರಿ ಒದ್ದೆ ಬಟ್ಟೆ ಬದಲಿಸುವುದು, ಹಾಲು ಕುಡಿದ ಕೂಸನ್ನು ಹೆಗಲಿಗೆ ಹಾಕಿ ತೇಗಿಸುವುದು, ಬೆಳಗ್ಗೆ ಎರೆಯಲು ನೀರು ಹದ ಮಾಡುವುದು. "ಏನ್ ಮಾಡ್ಲಿ, ಹೇಳು" ಅಂತ ನಿಂತರೆ ನೆನಪಿಡುವ ಹೊರೆ ಅವಳ ತಲೆಯ ಮೇಲೇ ಉಳಿಯುತ್ತದೆ. ಎಷ್ಟೋ ಸಂಬಂಧ ಹಳಸುವುದು ಇಲ್ಲೇ.

ಮೊದಮೊದಲು ಅವ್ವ "ನೀ ಬಿಡೋ, ಗಂಡ್ಸು" ಅಂತ ಕೈಚಾಚುತ್ತಾಳೆ. ಕೂಸನ್ನು ಕೊಡಬೇಡಿ.