ರಾಕಿ ಬೆಟ್ಟಗಳಿಗೆ ಬಸ್ ಟೂರ್: ದುಡ್ಡು ಕಟ್ಟುವ ಮುಂಚೆ ಒಂದಿಷ್ಟು ಮಾತು

ಮಗಳು ಸರ್ರೆಯಲ್ಲಿದ್ದಾಳೆ, ಕೆನಡಾದ ವ್ಯಾಂಕೂವರ್ ಪಕ್ಕದ ಊರು. ಹೋದ ಸೆಪ್ಟೆಂಬರ್‌ನಲ್ಲಿ ನಾವು ಅಲ್ಲಿದ್ದಾಗ ಅವಳಿಗೆ ರಜೆ ಸಿಗಲಿಲ್ಲ. "ನನಗೆ ಕಾಯ್ತಾ ಕೂತರೆ ಚಳಿ ಶುರುವಾಗುತ್ತೆ ಅಮ್ಮ, ನೀವು ಬಸ್ ಟೂರ್‌ನಲ್ಲಿ ಹೋಗಿ ಬನ್ನಿ" ಎಂದಳು. ನಾನು, ನಮ್ಮನೆಯವರು, ನನ್ನ ಅಕ್ಕ ಹೊರಟೆವು. ನಾಲ್ಕು ದಿನ ರಾಕಿ ಬೆಟ್ಟಗಳು, ಆಮೇಲೆ ಒಂದು ದಿನ ದ್ವೀಪದಲ್ಲಿರುವ ವಿಕ್ಟೋರಿಯಾ ಊರು. ಮೂವರಲ್ಲಿ ಚಿಕ್ಕವಳು ನಾನೇ, ನನಗೆ 61. ಊರಿಗೆ ಬಂದ ಮೇಲೆ, ಮಕ್ಕಳನ್ನು ನೋಡಲು ಕೆನಡಾಕ್ಕೆ ಹೊರಟಿರುವ ಗೆಳತಿಯರೆಲ್ಲ ಕೇಳುತ್ತಿದ್ದಾರೆ, ನಮ್ಮ ಕೈಲಿ ಆಗುತ್ತಾ ಅಂತ. ಖಂಡಿತ ಆಗುತ್ತದೆ. ಆದರೆ ಟೂರ್ ಆರಿಸುವಾಗ ನಾವು ನೋಡದೆ ಬಿಟ್ಟ ಒಂದು ಸಂಗತಿಯನ್ನು ನೀವು ಮೊದಲೇ ನೋಡಿಕೊಳ್ಳಿ.

ಅದು ನಿಮಿಷಗಳ ಲೆಕ್ಕ. ನಮಗೆ ಕೊಟ್ಟ ಕಾಗದದಲ್ಲಿ ಇಪ್ಪತ್ತೆರಡು ಜಾಗಗಳ ಹೆಸರಿತ್ತು. ಇಷ್ಟು ದುಡ್ಡಿಗೆ ಇಷ್ಟೊಂದು ಜಾಗವಾ ಎಂದು ಖುಷಿಪಟ್ಟು ಕಟ್ಟಿದೆವು. ಹೋದ ಮೇಲೆ ಗೊತ್ತಾಯಿತು, ಅದರಲ್ಲಿ ಏಳೆಂಟು ಬಸ್ಸಿನ ಕಿಟಕಿಯಿಂದ ಕಾಣುವಂಥವು. ಇನ್ನು ಕೆಲವು ಕಡೆ ಹತ್ತು ನಿಮಿಷ, ಇಳಿ, ಫೋಟೋ ತೆಗಿ, ಮತ್ತೆ ಬಸ್ ಹತ್ತು. ಹಾಗಾಗಿ ಬುಕ್ ಮಾಡುವ ಮುಂಚೆ ಫೋನ್ ಮಾಡಿ ನಾಲ್ಕೇ ಪ್ರಶ್ನೆ ಕೇಳಿ. ಲೇಕ್ ಲೂಯಿಸ್‌ನಲ್ಲಿ ಎಷ್ಟು ಹೊತ್ತು ಬಿಡ್ತೀರಿ? ಮೊರೇನ್ ಲೇಕ್‌ಗೆ ಹೋಗ್ತೀರಾ? ದಿನಕ್ಕೆ ಎಷ್ಟು ಗಂಟೆ ಬಸ್ಸಿನಲ್ಲಿ ಕೂರಬೇಕು? ರಾತ್ರಿ ತಂಗುವುದು ಯಾವ ಊರಿನಲ್ಲಿ?

ಕೊನೆಯ ಪ್ರಶ್ನೆ ಯಾಕೆ ಅಂದರೆ, ನಮ್ಮ ಕಾಗದದಲ್ಲಿ "ಬ್ಯಾನ್ಫ್ ಸುತ್ತಮುತ್ತ ವಾಸ್ತವ್ಯ" ಎಂದಿತ್ತು. ಎರಡು ರಾತ್ರಿಯೂ ಮಲಗಿದ್ದು ಗೋಲ್ಡನ್‌ನಲ್ಲಿ. ಅದು ಬ್ಯಾನ್ಫ್‌ನಿಂದ ಸುಮಾರು 140 ಕಿಲೋಮೀಟರ್. ಬೇಸಿಗೆಯಲ್ಲಿ ಬ್ಯಾನ್ಫ್ ಹೋಟೆಲುಗಳ ದರ ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಕಡಿಮೆ ದುಡ್ಡಿನ ಟೂರ್‌ನವರು ಹೊರಗೆ ಉಳಿಸುವುದು ಅರ್ಥವಾಗುತ್ತದೆ. ಆದರೆ ಊರಿನ ಹೆಸರು ಮೊದಲೇ ಹೇಳಬೇಕಿತ್ತು. ಬ್ಯಾನ್ಫ್ ಕೆನಡಾದ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನದ ಊರು, 1885ರಲ್ಲಿ ಬಿಸಿನೀರಿನ ಬುಗ್ಗೆಗಳಿಗಾಗಿ ಕಾಯ್ದಿಟ್ಟ ಜಾಗ. ಅಲ್ಲಿ ನಮಗೆ ಸಿಕ್ಕಿದ್ದು ಐವತ್ತು ನಿಮಿಷ.

ದೂರದ ಅಂದಾಜು ಮೊದಲೇ ಇರಲಿ. ವ್ಯಾಂಕೂವರ್‌ನಿಂದ ಬ್ಯಾನ್ಫ್‌ಗೆ ಸುಮಾರು 850 ಕಿಲೋಮೀಟರ್. ಹೆಚ್ಚುಕಮ್ಮಿ ಬೆಂಗಳೂರಿನಿಂದ ಪುಣೆ. ಹೋಗುವಾಗ ಮೊದಲ ರಾತ್ರಿ ರೆವೆಲ್‌ಸ್ಟೋಕ್‌ನಲ್ಲಿ ತಂಗಿದ್ದರಿಂದ ಆಯಾಸ ಗೊತ್ತಾಗಲಿಲ್ಲ. ಬರುವಾಗ ಗೋಲ್ಡನ್‌ನಿಂದ ಒಂದೇ ದಿನ, 700 ಕಿಲೋಮೀಟರ್ ಮೇಲೆ. ಅಕ್ಕನ ಕಾಲು ಊದಿಕೊಂಡಿತು. ಇನ್ನೊಮ್ಮೆ ಹೋದರೆ ಕ್ಯಾಲ್ಗರಿಯಲ್ಲಿ ಮುಗಿಯುವ ಟೂರ್ ತಗೊಂಡು, ಅಲ್ಲಿಂದ ವ್ಯಾಂಕೂವರ್‌ಗೆ ವಿಮಾನದಲ್ಲಿ ಬರುತ್ತೇನೆ. ಒಂದೂವರೆ ಗಂಟೆ ಅಷ್ಟೇ. ದುಡ್ಡು ಸ್ವಲ್ಪ ಜಾಸ್ತಿ, ಆದರೆ ಒಂದು ಇಡೀ ದಿನ ಉಳಿಯುತ್ತದೆ.

ಮೊದಲ ದಿನದ ದಾರಿಯಲ್ಲಿ ಕ್ರೇಗೆಲಾಚಿ ಎಂಬ ಚಿಕ್ಕ ಜಾಗ. ಹಳಿ ಪಕ್ಕ ಒಂದು ಕಲ್ಲಿನ ಗುರುತು. ಕೆನಡಾದ ಪೂರ್ವ, ಪಶ್ಚಿಮ ಎರಡೂ ಕಡೆಯಿಂದ ಬಂದ ರೈಲು ದಾರಿ ಸೇರಿ, 1885ರ ನವೆಂಬರ್ 7ರಂದು ಕೊನೆಯ ಮೊಳೆ ಹೊಡೆದದ್ದು ಅಲ್ಲೇ. ನಮ್ಮ ಗೈಡ್ ಹಾಂಗ್‌ಕಾಂಗ್ ಕಡೆಯವರು. ಪ್ರತಿಯೊಂದನ್ನೂ ಮೊದಲು ಚೈನೀಸ್‌ನಲ್ಲಿ, ಆಮೇಲೆ ಇಂಗ್ಲಿಷ್‌ನಲ್ಲಿ ಹೇಳುತ್ತಿದ್ದರು. ಅಲ್ಲಿ ಮಾತ್ರ ಚೈನೀಸ್‌ನಲ್ಲಿ ತುಂಬಾ ಹೊತ್ತು ಮಾತಾಡಿದರು, ಬಸ್ಸಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಆಮೇಲೆ ನಮಗೂ ಹೇಳಿದರು. ಈ ಬೆಟ್ಟಗಳಲ್ಲಿ ಹಳಿ ಹಾಕಲು ಸುಮಾರು 15,000 ಚೀನೀ ಕೂಲಿಗಳನ್ನು ತಂದರು. ನೂರಾರು ಜನ ಸತ್ತರು. ಕೆಲಸ ಮುಗಿದ ಅದೇ ವರ್ಷ, ಇನ್ನು ಬರುವ ಪ್ರತಿ ಚೀನೀಯನ ತಲೆಗೂ 50 ಡಾಲರ್ ತೆರಿಗೆ ಹಾಕಿದರು. ಗೈಡ್ ಚೆನ್ನಾಗಿದ್ದರೆ ಕಲ್ಲೂ ಮಾತಾಡುತ್ತದೆ, ನೋಡಿ.

ಎರಡನೇ ದಿನ ಒಂದು ಎಚ್ಚರಿಕೆ. ರೆವೆಲ್‌ಸ್ಟೋಕ್ ದಾಟಿ ಪೂರ್ವಕ್ಕೆ ಹೋಗುತ್ತಿದ್ದ ಹಾಗೆ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಫೋನ್ ತಾನೇ ಬದಲಾಯಿಸಿಕೊಳ್ಳುತ್ತದೆ. ನಮ್ಮನೆಯವರ ಕೈಯಲ್ಲಿದ್ದದ್ದು ಹಳೇ ಎಚ್‌ಎಂಟಿ. ಎಮರಾಲ್ಡ್ ಲೇಕ್‌ನಲ್ಲಿ ಹನ್ನೆರಡೂವರೆಗೆ ಬಸ್ ಹತ್ತಬೇಕಿತ್ತು. ಇವರು ಕೆರೆ ಪಕ್ಕ ಬೆಂಚಿನ ಮೇಲೆ ಕೂತಿದ್ದಾರೆ, ಗಡಿಯಾರದಲ್ಲಿ ಹನ್ನೊಂದೂವರೆ. ಫೋನ್ ನನ್ನ ಚೀಲದಲ್ಲಿ. ಹುಡುಕಿ ಕರೆತರುವಷ್ಟರಲ್ಲಿ ಇಪ್ಪತ್ತೈದು ನಿಮಿಷ ತಡವಾಯಿತು. ಆ ಇಪ್ಪತ್ತೈದು ನಿಮಿಷವನ್ನು ಗೈಡ್ ಕಡಿದದ್ದು ಲೇಕ್ ಲೂಯಿಸ್‌ನಿಂದ. ನಲವತ್ತು ಜನರ ಸಮಯ ಅದು. ಇವರು ಮೈಕ್ ಕೇಳಿ ಇಸಿದುಕೊಂಡು ಎಲ್ಲರ ಕ್ಷಮೆ ಕೇಳಿದರು. ನೀವು ರೆವೆಲ್‌ಸ್ಟೋಕ್ ಆದ ಮೇಲೆ ಬರುವ ರೋಜರ್ಸ್ ಪಾಸ್ ಎಂಬ ಕಣಿವೆ ದಾರಿ ದಾಟುವಾಗಲೇ ಕೈಗಡಿಯಾರ ತಿರುಗಿಸಿಕೊಳ್ಳಿ. ಗುಂಪಿನಲ್ಲಿ ಒಬ್ಬೊಬ್ಬರ ಹತ್ತಿರವೂ ಫೋನ್ ಇರಲಿ.

ಕೆರೆಗಳ ಬಣ್ಣದ ಬಗ್ಗೆ ಹೇಳಲೇಬೇಕು. ಫೋಟೋದಲ್ಲಿ ನೋಡಿದಾಗ ಬಣ್ಣ ಹಚ್ಚಿದ್ದಾರೆ ಅಂತ ನಾನು ನಂಬಿದ್ದೆ. ನಿಜವಾಗಿಯೂ ಹಾಗೇ ಇದೆ. ಹಿಮನದಿ ಜಾರುವಾಗ ಕೆಳಗಿನ ಬಂಡೆಯನ್ನು ಬೀಸುಕಲ್ಲಿನ ಹಾಗೆ ಅರೆಯುತ್ತದೆ. ಆ ಕಲ್ಲಿನ ಹಿಟ್ಟು ನೀರಿನಲ್ಲಿ ತಳ ಸೇರದೆ ತೇಲುತ್ತಿರುತ್ತದೆ, ಬಿಸಿಲು ಬಿದ್ದಾಗ ನೀಲಿ ಹಸಿರಾಗಿ ಹೊಳೆಯುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ಹೋಗಬೇಡಿ. ಲೇಕ್ ಲೂಯಿಸ್ ಆಗ ಇನ್ನೂ ಹೆಪ್ಪುಗಟ್ಟಿರುತ್ತದೆ, ಜೂನ್ ಹೊತ್ತಿಗೆ ಕರಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬಣ್ಣ ಚೆನ್ನ, ಆದರೆ ಜನಜಾತ್ರೆ. ಕಾಡ್ಗಿಚ್ಚಿನ ಹೊಗೆಯೂ ಆಗಲೇ ಹೆಚ್ಚು. 2024ರ ಜುಲೈನಲ್ಲಿ ರಾಕಿ ಬೆಟ್ಟಗಳಲ್ಲೇ ಇರುವ ಜಾಸ್ಪರ್ ಊರಿನ ಮೂರನೇ ಒಂದು ಭಾಗದಷ್ಟು ಕಟ್ಟಡಗಳು ಸುಟ್ಟುಹೋದವು. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಎರಡನೇ ವಾರದಿಂದ ಕೊನೆಯವರೆಗೆ ಒಳ್ಳೆಯದು. ತಿಂಗಳ ಕೊನೆಗೆ ಲಾರ್ಚ್ ಮರಗಳು ಅರಿಶಿನ ಬಣ್ಣಕ್ಕೆ ತಿರುಗುತ್ತವೆ. ಬೆಳಿಗ್ಗೆ ಮಾತ್ರ ಕೈಬೆರಳು ಮರಗಟ್ಟುವ ಚಳಿ, ಉಣ್ಣೆ ಟೋಪಿ, ಗ್ಲೌಸ್ ಬೇಕೇ ಬೇಕು. ಎತ್ತರಕ್ಕೆ ಉಸಿರು ಕಟ್ಟುತ್ತದೆ ಎಂಬ ಭಯ ಬೇಡ. ಲೇಕ್ ಲೂಯಿಸ್ ಇರುವುದು 1,730 ಮೀಟರ್ ಆಸುಪಾಸಿನಲ್ಲಿ, ನಮ್ಮ ಮುಳ್ಳಯ್ಯನಗಿರಿಯೇ ಅದಕ್ಕಿಂತ ಎತ್ತರ.

ಮೊರೇನ್ ಲೇಕ್‌ಗೆ 2023ರಿಂದ ಸ್ವಂತ ಕಾರು ಬಿಡುವುದಿಲ್ಲ. ಶಟಲ್ ಬಸ್ಸಿಗೆ ಮೊದಲೇ ಬುಕ್ ಮಾಡಬೇಕು, ಇಲ್ಲವೇ ಟೂರ್ ಬಸ್ಸಿನಲ್ಲಿ ಹೋಗಬೇಕು. ಟೂರ್‌ನಿಂದ ನಮಗೆ ಆದ ದೊಡ್ಡ ಉಪಕಾರ ಇದೇ. ಅಲ್ಲಿ ಸಿಕ್ಕಿದ್ದು ನಲವತ್ತು ನಿಮಿಷ. ಕೆರೆ ದಂಡೆಯಲ್ಲಿ ನಿಂತರೆ ಅರ್ಧ ಮಾತ್ರ ಕಾಣುತ್ತದೆ. ಪಕ್ಕದಲ್ಲಿ ಬಂಡೆಗಳ ಗುಡ್ಡೆ ಇದೆ, ಮೆಟ್ಟಿಲಿವೆ, ನಿಧಾನಕ್ಕೆ ಹತ್ತಿದರೂ ಹದಿನೈದು ನಿಮಿಷ ಸಾಕು. ಅಕ್ಕ ಮಂಡಿ ನೋವಿನವಳು, ಬೇಡ ಎಂದಳು. ಒಬ್ಬ ಹುಡುಗ ತನ್ನ ಕೈಕೋಲು ಕೊಟ್ಟ. ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬಂದಳು. ಸುತ್ತ ಹತ್ತು ಶಿಖರ, ನಡುವೆ ಆ ನೀರು. ನಿಂತಲ್ಲೇ ಕೈ ಮುಗಿದಳು, ತುಂಬಾ ಹೊತ್ತು ಮಾತೇ ಆಡಲಿಲ್ಲ. ಇಳಿಯುವಾಗ ಎಂಟು ನಿಮಿಷ ಉಳಿದಿತ್ತು. ಮೊರೇನ್ ಲೇಕ್‌ಗೆ ಒಂದು ಗಂಟೆಗಿಂತ ಕಡಿಮೆ ಕೊಡುವ ಟೂರ್ ಇದ್ದರೆ, ಬೇರೆಯದನ್ನು ನೋಡಿ. ಬಸ್ಸಿನಿಂದ ಇಳಿದವರೇ ಸೀದಾ ಗುಡ್ಡೆ ಹತ್ತಿ. ಅಂಗಡಿ, ಟಾಯ್ಲೆಟ್ಟು ಆಮೇಲೆ.

ಮೂರನೇ ದಿನ ಐಸ್‌ಫೀಲ್ಡ್ಸ್ ಪಾರ್ಕ್‌ವೇ. ಲೇಕ್ ಲೂಯಿಸ್‌ನಿಂದ ಜಾಸ್ಪರ್‌ವರೆಗೆ 232 ಕಿಲೋಮೀಟರ್ ದಾರಿ, ನಾವು ಅರ್ಧ ದಾಟಿ ಕೊಲಂಬಿಯಾ ಐಸ್‌ಫೀಲ್ಡ್ ಎಂಬ ಹಿಮದ ಬಯಲಿನಿಂದ ವಾಪಸ್ ಬಂದೆವು. ಈ ದಾರಿಯಲ್ಲಿ ನಿದ್ದೆ ಮಾಡಬೇಡಿ, ಅಷ್ಟೇ ಹೇಳುತ್ತೇನೆ. ಫೋನ್ ಸಿಗ್ನಲ್ ಬಹುಪಾಲು ಇರುವುದಿಲ್ಲ, ಮನೆಯವರಿಗೆ ಬೆಳಿಗ್ಗೆಯೇ ಹೇಳಿಬಿಡಿ.

ಅಲ್ಲಿನ ಅಥಬಾಸ್ಕ ಹಿಮನದಿಯ ಮೇಲೆ ಆಳೆತ್ತರದ ಚಕ್ರಗಳ ದೊಡ್ಡ ವಾಹನದಲ್ಲಿ ಕರೆದೊಯ್ಯುತ್ತಾರೆ. ಇದರ ಟಿಕೆಟ್ ಟೂರ್ ದುಡ್ಡಿನಲ್ಲಿ ಸೇರಿರಲಿಲ್ಲ, ತಲೆಗೆ ನೂರು ಡಾಲರ್ ದಾಟಿತು. ಕೊಡಿ, ಮೋಸವಿಲ್ಲ. ಮಂಜಿನ ಮೇಲೆ ಕಾಲಿಟ್ಟಾಗ ಉಪ್ಪು ತುಳಿದ ಹಾಗೆ ಕರಕರ ಸದ್ದು. ಅಂಚಿನಲ್ಲಿ ಬೆರಳಷ್ಟು ದಪ್ಪದ ನೀರು ಹರಿಯುತ್ತಿತ್ತು. ಗುರುತು ಮಾಡಿದ ಜಾಗ ಬಿಟ್ಟು ಆಚೆ ಹೋಗಬಾರದು, ಮಂಜಿನಲ್ಲಿ ಕಾಣದ ಆಳವಾದ ಬಿರುಕುಗಳಿವೆ. ಅದೇ ಟಿಕೆಟ್‌ನಲ್ಲಿ ಗಾಜಿನ ನೆಲದ ಸ್ಕೈವಾಕ್ ಕೂಡ ಬರುತ್ತದೆ, ಕೆಳಗೆ 280 ಮೀಟರ್ ಕಣಿವೆ. ತಲೆಸುತ್ತು ಇರುವವರು ಬಿಟ್ಟರೂ ನಷ್ಟವಿಲ್ಲ.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಬೇರೆ. ಹಿಮನದಿಯ ಬುಡಕ್ಕೆ ಹೋಗುವ ಕಾಲುದಾರಿಯಲ್ಲಿ ಇಸವಿ ಬರೆದ ಫಲಕಗಳಿವೆ. ಆ ವರ್ಷ ಮಂಜು ಇಲ್ಲಿಯವರೆಗೆ ಇತ್ತು ಎಂದು ಅರ್ಥ. 1992ರ ಫಲಕದ ಹತ್ತಿರ ನಿಂತೆ. ನನ್ನ ಮಗಳು ಹುಟ್ಟಿದ ವರ್ಷ. ಅಲ್ಲಿಂದ ಮಂಜಿನ ಅಂಚಿಗೆ ಬರೀ ಕಲ್ಲು, ಮಣ್ಣು, ಕೆಸರು ನೀರು. ಸುಮಾರು 125 ವರ್ಷಗಳಲ್ಲಿ ಇದು ಒಂದೂವರೆ ಕಿಲೋಮೀಟರ್‌ಗಿಂತ ಹೆಚ್ಚು ಹಿಂದೆ ಸರಿದಿದೆಯಂತೆ. ಮಗಳಿಗೆ ಆ ಫಲಕದ ಫೋಟೋ ಕಳಿಸಿದೆ. ನಿಮ್ಮ ಟೂರ್‌ನಲ್ಲಿ ಸಮಯ ಕೊಟ್ಟರೆ ಈ ದಾರಿಯಲ್ಲಿ ಸ್ವಲ್ಪವಾದರೂ ನಡೆಯಿರಿ.

ಊಟದ ವಿಷಯ. ಟೂರ್‌ನಲ್ಲಿ ಊಟ ಸೇರಿರಲಿಲ್ಲ. ಅಕ್ಕ ಮೊಟ್ಟೆಯನ್ನೂ ತಿನ್ನುವುದಿಲ್ಲ. ದಾರಿಯಲ್ಲಿ ಸಿಗುವುದು ಟಿಮ್ ಹಾರ್ಟನ್ಸ್, ಸಬ್‌ವೇ, ಪಿಜ್ಜಾ. ಮಧ್ಯಾಹ್ನಕ್ಕೆ ಅದೇ ಸರಿ, ನಾಲ್ಕು ದಿನ ಮೂರು ಹೊತ್ತೂ ಅದಾದರೆ ಹೊಟ್ಟೆ ಕೇಳುವುದಿಲ್ಲ. ಸರ್ರೆಯ ಇಂಡಿಯನ್ ಅಂಗಡಿಗಳಲ್ಲಿ ಎಲ್ಲವೂ ಸಿಗುತ್ತದೆ, ಊರಿನಿಂದ ಹೊತ್ತು ತರುವ ಅಗತ್ಯವೇ ಇಲ್ಲ. ತೆಳು ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಒಂದು ಡಬ್ಬಿ ಮೊಸರು ತಗೊಂಡಿದ್ದೆವು. ನಮ್ಮ ಹೋಟೆಲ್ ರೂಮುಗಳಲ್ಲಿ ಮೈಕ್ರೋವೇವ್, ನೀರು ಕಾಯಿಸುವ ಕೆಟಲ್ ಇದ್ದವು, ನೀವೂ ಮೊದಲೇ ಕೇಳಿಕೊಳ್ಳಿ. ರಾತ್ರಿ ಎಂಟಕ್ಕೆ ರೂಮಿಗೆ ಬಂದು ಗೊಜ್ಜವಲಕ್ಕಿ ಕಲಸಿಕೊಂಡು ತಿನ್ನುವ ಸುಖ ತಿಂದವರಿಗೇ ಗೊತ್ತು.

ಟೂರ್ ದುಡ್ಡಲ್ಲದೆ ಬೀಳುವ ಖರ್ಚು ಮೊದಲೇ ಎಣಿಸಿಕೊಳ್ಳಿ. ಗೈಡ್, ಡ್ರೈವರ್‌ಗೆ ದಿನಕ್ಕೆ ಇಷ್ಟು ಎಂದು ತಲೆಲೆಕ್ಕದಲ್ಲಿ ಟಿಪ್ಸ್ ಕೇಳುತ್ತಾರೆ, ನಮ್ಮದು ದಿನಕ್ಕೆ 12 ಡಾಲರ್. ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಬಹುತೇಕ ವಸ್ತುಗಳಿಗೆ ಕೇಂದ್ರದ ತೆರಿಗೆ 5 ಪರ್ಸೆಂಟ್, ಪ್ರಾಂತ್ಯದ್ದು 7. ಬ್ಯಾನ್ಫ್ ಇರುವ ಆಲ್ಬರ್ಟಾದಲ್ಲಿ ಬರೀ 5. ಹಾಗಾಗಿ ಸ್ವೆಟರ್, ನೆನಪಿನ ಕಾಣಿಕೆ ಕೊಳ್ಳುವುದಿದ್ದರೆ ಬ್ಯಾನ್ಫ್ ಕಡೆ ತೆರಿಗೆ ಕಡಿಮೆ. ಇನ್ಶೂರೆನ್ಸ್ ಇಲ್ಲದೆ ಹೊರಡಲೇಬೇಡಿ. ವಿಸಿಟರ್ ವೀಸಾಕ್ಕೆ ಅದು ಕಡ್ಡಾಯವಲ್ಲ ಅಂತ ಕೆಲವರು ಬಿಟ್ಟುಬಿಡುತ್ತಾರೆ. ಅಲ್ಲಿ ಒಂದು ದಿನ ಆಸ್ಪತ್ರೆ ಸೇರಿದರೆ ಮಕ್ಕಳ ತಲೆ ಮೇಲೆ ಬೀಳುವ ಬಿಲ್ಲು ಸಣ್ಣದಲ್ಲ. ಬಿಪಿ, ಶುಗರ್ ಗುಳಿಗೆ ದೊಡ್ಡ ಸೂಟ್‌ಕೇಸಿನಲ್ಲಿ ಹಾಕಬೇಡಿ, ಅದು ಬಸ್ಸಿನ ಹೊಟ್ಟೆಯಲ್ಲಿರುತ್ತದೆ. ಕೈಚೀಲದಲ್ಲಿರಲಿ.

ಪ್ರಾಣಿ ಕಂಡರೆ ದೂರವೇ ಇರಿ. ಎಲ್ಕ್ ಎಂಬ ದೊಡ್ಡ ಜಿಂಕೆಗೆ 30 ಮೀಟರ್, ಕರಡಿಗೆ 100 ಮೀಟರ್ ಎಂಬ ನಿಯಮ ಇದೆ. ಬ್ಯಾನ್ಫ್ ಹತ್ತಿರ ಹೆದ್ದಾರಿ ಮೇಲೆ ಪ್ರಾಣಿಗಳಿಗೆಂದೇ ಮರ, ಹುಲ್ಲು ಬೆಳೆಸಿದ ಸೇತುವೆಗಳನ್ನು ಕಟ್ಟಿದ್ದಾರೆ. ಬಂಡೀಪುರದ ರಸ್ತೆ ನೆನಪಾಯಿತು ನನಗೆ.

ವಿಕ್ಟೋರಿಯಾ ದಿನ ಆರಾಮ. ವ್ಯಾಂಕೂವರ್ ಕಡೆಯ ತ್ಸವ್ವಾಸನ್ ಬಂದರಿನಿಂದ ವಿಕ್ಟೋರಿಯಾ ಕಡೆಯ ಸ್ವಾರ್ಟ್ಸ್ ಬೇಗೆ ದೊಡ್ಡ ಫೆರಿ, ಬಸ್ಸೇ ಹಡಗಿನೊಳಗೆ ಹೋಗುತ್ತದೆ, ಒಂದು ಗಂಟೆ ಮೂವತ್ತೈದು ನಿಮಿಷ. ನಡುವೆ ಎರಡು ದ್ವೀಪಗಳ ಸಂದಿಯಲ್ಲಿ ಹಡಗು ತಿರುಗುತ್ತದೆ, ಆಗ ಒಳಗೆ ಕೂರಬೇಡಿ, ಮೇಲಿನ ಡೆಕ್‌ಗೆ ಬನ್ನಿ. ದಡದ ಮನೆಗಳು ಕೈಗೆ ಸಿಗುವಷ್ಟು ಹತ್ತಿರ. ಬುಚಾರ್ಟ್ ಗಾರ್ಡನ್ಸ್ ಹಿಂದೆ ಸುಣ್ಣಕಲ್ಲಿನ ಗಣಿ. ಗಣಿಯ ಯಜಮಾನರ ಹೆಂಡತಿ ಜೆನ್ನಿ ಬುಚಾರ್ಟ್, ತೋಡಿ ಬಿಟ್ಟ ಆ ಹೊಂಡಕ್ಕೆ ಮಣ್ಣು ತುಂಬಿಸಿ ತೋಟ ಮಾಡಿಸಿದರು. ಸೆಪ್ಟೆಂಬರ್‌ನಲ್ಲಿ ತಟ್ಟೆಯಗಲದ ಡೇಲಿಯಾ ಅರಳಿರುತ್ತವೆ. ಎರಡು ಗಂಟೆಯಾದರೂ ಬೇಕು.

ಟೂರ್ ಮುಗಿದ ಮೇಲೆ ವ್ಯಾಂಕೂವರ್‌ಗೆ ಒಂದು ದಿನ ನಿಮಗೆಂದೇ ಇಟ್ಟುಕೊಳ್ಳಿ. ಸ್ಟ್ಯಾನ್ಲಿ ಪಾರ್ಕ್‌ಗೆ ಎಲ್ಲರೂ ಹೋಗುತ್ತಾರೆ. ಅಲ್ಲಿಗೆ ಹೋಗುವ ದಾರಿಯಲ್ಲೇ, ಕೋಲ್ ಹಾರ್ಬರ್‌ನ ಸಮುದ್ರದ ದಂಡೆಯಲ್ಲಿ, ಕೊಮಗಾಟ ಮಾರು ಸ್ಮಾರಕ ಇದೆ. ನಮ್ಮ ಬಸ್ಸು ಅಲ್ಲಿ ನಿಲ್ಲಿಸಲಿಲ್ಲ, ಮಗಳು ಕರೆದುಕೊಂಡು ಹೋದಳು. 1914ರ ಮೇ ತಿಂಗಳಲ್ಲಿ 376 ಭಾರತೀಯರನ್ನು ಹೊತ್ತು ಬಂದ ಹಡಗು ಅದು. ಹೆಚ್ಚಿನವರು ಪಂಜಾಬಿನವರು. ಎರಡು ತಿಂಗಳು ಹಡಗು ಇದೇ ನೀರಿನಲ್ಲಿ ನಿಂತಿತ್ತು. ಇಪ್ಪತ್ತು ಚಿಲ್ಲರೆ ಜನರನ್ನು ಬಿಟ್ಟು ಯಾರನ್ನೂ ಇಳಿಯಲು ಬಿಡಲಿಲ್ಲ, ವಾಪಸ್ ಕಳಿಸಿದರು. 2016ರಲ್ಲಿ ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಅಕ್ಕ ನೀರಿನ ಕಡೆ ನೋಡುತ್ತಾ, "ದಡ ಇಷ್ಟು ಹತ್ತಿರ ಇತ್ತಲ್ಲೇ" ಎಂದಳು. ಸಮುದ್ರದ ದಂಡೆಯ ಕೆನಡಾ ಪ್ಲೇಸ್ ಕಟ್ಟಡದಿಂದ ದಂಡೆ ಹಿಡಿದು ಪಾರ್ಕ್ ಕಡೆಗೆ ಹೊರಟರೆ ಸ್ಮಾರಕಕ್ಕೆ ಹತ್ತು ಹದಿನೈದು ನಿಮಿಷದ ನಡಿಗೆ, ಸಮತಟ್ಟು ದಾರಿ, ಟಿಕೆಟ್ ಇಲ್ಲ.